ಎಸಿಗೂ ಮೊಣಗಂಟಿಗೂ ಸಂಬಂಧವಿಲ್ಲ

ಹ್ಯೂಸ್ಟನ್
24 ಆಗಸ್ಟ್ 2025, ಆದಿತ್ಯವಾರ

ಪ್ರೀತಿಯ ಅಮ್ಮನಿಗೆ,

ನಿನಗೂ ಅಪ್ಪಯ್ಯನಿಗೂ ನಮಸ್ಕಾರಗಳು. ನಾವೆಲ್ಲ ಕ್ಷೇಮ. ನಿನ್ನ ಕಾಗದದ ಫೋಟೊ ತೆಗೆದು ಸುಮಕ್ಕ ಕಳುಹಿಸಿದ್ದಳು. ಎರಡನೆಯ ಪುಟದ ಅರ್ಧ ಅವಳ ಹೆಬ್ಬೆರಳಿನ ಅಡಿಯಲ್ಲಿದೆ. ಆದರೂ ಓದಬೇಕಾದದ್ದು ಓದಿಸಿಕೊಂಡಿತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹಣದ ಮಾತು ಬಂದ ಕೂಡಲೇ ಅಪ್ಪಯ್ಯ ‘ಆಯಿತು, ಆಯಿತು, ಅಮ್ಮನಿಗೆ ಕೊಡುತ್ತೇನೆ’ ಎನ್ನುತ್ತಾರೆ. ನೀನು ಮಳೆಯ ಸದ್ದಿಗೆ ಏನೂ ಕೇಳುವುದಿಲ್ಲ ಎನ್ನುತ್ತೀಯ. ಆದ್ದರಿಂದ ಬರೆಯುತ್ತಿದ್ದೇನೆ. ಚಾವಡಿಯಲ್ಲಿ ಕುಳಿತು ಅವರಿಗೆ ಗಟ್ಟಿಯಾಗಿ ಓದಿ ಹೇಳು, ನಡುವೆ ಎದ್ದು ಹೋಗಲು ಬಿಡಬೇಡ. ಆ ಮೊಣಗಂಟಿನಲ್ಲಿ ಅಷ್ಟು ಬೇಗ ಏಳಲೂ ಆಗುವುದಿಲ್ಲ, ಬಿಡು.

ಅಪ್ಪಯ್ಯನ ಮೊಣಗಂಟಿನ ಆಪರೇಷನ್ನಿಗೆಂದು ಜೂನ್‌ನಲ್ಲಿ ನಿನ್ನ ಖಾತೆಗೆ ಹಾಕಿದ ನಾಲ್ಕು ಲಕ್ಷ ಅಲ್ಲಿಯೇ ಇರಲಿ. ಅದನ್ನು ವಾಪಸ್ ಕಳುಹಿಸುವುದು ಹೇಗೆಂದು ಅಪ್ಪಯ್ಯ ಬ್ಯಾಂಕಿಗೆ ಹೋಗಿ ವಿಚಾರಿಸಿ ಬಂದರಂತೆ. ನಡೆಯಲಾಗದ ಕಾಲಿನಲ್ಲಿ ರಥಬೀದಿಯವರೆಗೆ ಹೋದದ್ದು ಇದಕ್ಕಾಗಿಯೇ? ‘ಮಗಳ ಮನೆಯಲ್ಲಿ ಹನ್ನೊಂದು ಲಕ್ಷದ ಎಸಿ ಬಂದಿರುವಾಗ ನನ್ನ ಕಾಲಿಗೇನು ಅವಸರ’ ಎಂದರಂತೆ. ರಾಘು ಊರಿಗೆ ಬಂದವನು ಬನ್ಸ್ ತಿಂದು ಸುಮ್ಮನೆ ಹೋಗಬಾರದಿತ್ತೇ? ಡಾಲರಿನ ಬೆಲೆಯನ್ನೆಲ್ಲ ಎಂಬತ್ತೇಳರಿಂದ ಗುಣಿಸಿ ರೂಪಾಯಿಯಲ್ಲಿ ಹೇಳುವ ಚಾಳಿ ಅವನಿಗೆ. ಹಾಗೆ ಗುಣಿಸಿದರೆ ಇಲ್ಲಿ ಒಂದು ಲೋಟ ಕಾಫಿಗೂ ನಾನೂರು ರೂಪಾಯಿ. ನಮ್ಮ ಸಂಬಳವನ್ನೂ ಹಾಗೆಯೇ ಗುಣಿಸಬೇಕಲ್ಲ, ಅದನ್ನು ಅವನು ಮಾಡುವುದಿಲ್ಲ.

ಈಗ ಎಸಿಯ ಕತೆ. ‘ಫ್ಯಾನ್ ಹಾಕಿಕೊಳ್ಳಬಾರದೇ, ನಾವೆಲ್ಲ ಬದುಕಿಲ್ಲವೇ’ ಎಂದು ಬರೆದಿದ್ದೀಯ. ಅಮ್ಮ, ನಮ್ಮ ಮನೆ ಹಂಚಿನದು, ಸಂದಿಯಲ್ಲಿ ಗಾಳಿ ಆಡುತ್ತದೆ. ಇಲ್ಲಿಯ ಮನೆ ಮರದ ಚೌಕಟ್ಟಿಗೆ ಹಲಗೆ ಹೊಡೆದು, ಒಳಗೆ ಹತ್ತಿಯಂಥದ್ದನ್ನು ತುಂಬಿ ಮುಚ್ಚಿದ ಡಬ್ಬಿ. ಈ ಊರಿನ ಸೆಖೆಯಂತೂ ಏಪ್ರಿಲ್ ತಿಂಗಳ ಮಂಗಳೂರೇ. ಸಮುದ್ರ ಹತ್ತಿರ, ಬೆವರು ಆರುವುದಿಲ್ಲ. ನಾಲ್ಕು ದಿನ ಎಸಿ ನಿಂತರೆ ಬಟ್ಟೆಯ ಕಪಾಟಿನಲ್ಲಿ ಬೂಷ್ಟು. ಇಡೀ ಮನೆಗೆ ಒಂದೇ ಯಂತ್ರ: ಒಂದು ಭಾಗ ಹಿತ್ತಲಲ್ಲಿ, ಇನ್ನೊಂದು ಅಟ್ಟದಲ್ಲಿ, ಅಲ್ಲಿಂದ ಎಲ್ಲ ಕೋಣೆಗಳಿಗೂ ಕೊಳವೆ. ನಾಲ್ಕು ಟನ್ನಿನದು. ಟನ್ ಎಂದರೆ ಯಂತ್ರದ ತೂಕವಲ್ಲ ಎಂದು ಅಪ್ಪಯ್ಯನಿಗೆ ಹೇಳು. ಒಂದು ಟನ್ ಮಂಜುಗಡ್ಡೆ ಒಂದು ಹಗಲು ಒಂದು ರಾತ್ರಿ ಕರಗುತ್ತ ಎಷ್ಟು ಬಿಸಿಯನ್ನು ಹೀರುತ್ತದೆಯೋ ಅಷ್ಟು. ಮಲ್ಪೆ ಬಂದರಿಗೆ ಹೋಗುವ ಐಸಿನ ಲಾರಿಯನ್ನು ನೆನಪಿಸಿಕೊಂಡರೆ ಅವರಿಗೆ ಅರ್ಥವಾಗುತ್ತದೆ.

ಮನೆ ಕಟ್ಟಿದ್ದು 2007ರಲ್ಲಿ, ಎಸಿಯೂ ಅಂದಿನದೇ. ಈ ಊರಿನಲ್ಲಿ ಅದು ಹದಿನೆಂಟು ವರ್ಷ ಓಡಿದ್ದೇ ಹೆಚ್ಚು. ಜುಲೈ ಕೊನೆಯಲ್ಲಿ ಒಂದು ಮಧ್ಯಾಹ್ನ ಗಾಳಿ ಬರುತ್ತಿದೆ, ತಂಪಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ, 37 ಡಿಗ್ರಿ ಬಿಸಿಲಿನಲ್ಲಿ ಯಂತ್ರದ ತಾಮ್ರದ ಕೊಳವೆಯ ಮೇಲೆ ಬೆರಳು ದಪ್ಪ ಹಿಮ ಕಟ್ಟಿದೆ! ಪುಟ್ಟಿ ಚಮಚ ತಂದು ಕೆರೆಯಲು ಕುಳಿತಳು. ಗ್ಯಾಸ್ ಸೋರಿ ಒತ್ತಡ ಇಳಿದರೆ ಒಳಗಿನ ಸುರುಳಿ ಅತಿಯಾಗಿ ತಣ್ಣಗಾಗುತ್ತದಂತೆ, ಗಾಳಿಯ ತೇವ ಅದರ ಮೇಲೆ ಹಿಮವಾಗಿ ಕೂರುತ್ತದಂತೆ, ಆಮೇಲೆ ಗಾಳಿಗೆ ದಾರಿಯೇ ಇರುವುದಿಲ್ಲ. ಹಿಮ ಕರಗಿದ ನೀರು ಅಟ್ಟದ ತಟ್ಟೆ ತುಂಬಿ ಹರಿದು ಮಲಗುವ ಕೋಣೆಯ ಚಾವಣಿಯ ಮೇಲೆ ದೊಡ್ಡ ಹಪ್ಪಳದಂತೆ ಕಲೆ ಮಾಡಿದೆ.

ರಿಪೇರಿ ಮಾಡಿಸಬಹುದಿತ್ತಲ್ಲ ಎನ್ನುತ್ತೀರಿ. ಮಾಡಿಸಿದ್ದೆವು! ಮೇ ತಿಂಗಳಲ್ಲೇ ಒಬ್ಬ ಬಂದು ಕಾಫಿ ಲೋಟದಷ್ಟಿರುವ ಕೆಪಾಸಿಟರ್ ಬದಲಿಸಿ 340 ಡಾಲರ್ ತೆಗೆದುಕೊಂಡು ಹೋದ. ಈ ಬಾರಿ ಸುರುಳಿಯೇ ತೂತು. ನಮ್ಮ ಹಳೆಯ ಯಂತ್ರಕ್ಕೆ ಆರ್-22 ಎಂಬ ಗ್ಯಾಸ್ ಬೇಕು. ಓಝೋನ್ ಪದರವನ್ನು ಕೆಡಿಸುತ್ತದೆಂದು 2020ರಿಂದ ಈ ದೇಶದಲ್ಲಿ ಅದನ್ನು ಹೊಸದಾಗಿ ತಯಾರಿಸುವಂತಿಲ್ಲ, ತರಿಸುವಂತಿಲ್ಲ. ಹಳೆಯ ಯಂತ್ರಗಳಿಂದ ತೆಗೆದು ಶುದ್ಧ ಮಾಡಿದ್ದು, ಎಲ್ಲೋ ಉಳಿದ ದಾಸ್ತಾನು, ಅಷ್ಟೇ. ಬೆಲೆ ಕೇಳಿದರೆ ಅದನ್ನು ಬೆಳ್ಳಿಯ ತಂಬಿಗೆಯಲ್ಲಿ ಕೊಡುತ್ತಾರೋ ಎನ್ನಬೇಕು. ಹೊರಗಿನ ಯಂತ್ರವನ್ನು ಮಾತ್ರ ಹೊಸದು ಹಾಕಿ ಎಂದರೆ ಅದೂ ಆಗದು. ಹೊಸದರ ಗ್ಯಾಸ್ ಬೇರೆ, ಹಳೆಯ ಸುರುಳಿಗೆ ಹೊಂದುವುದಿಲ್ಲ. ಆರ್-22ರ ನಂತರ ಬಂದ ಗ್ಯಾಸಿನ ಯಂತ್ರಗಳ ತಯಾರಿಕೆಯೂ ಈ ವರ್ಷದಿಂದ ನಿಂತಿದೆ. ಈಗಿನ ಹೆಚ್ಚಿನವುಗಳದು ಆರ್-454ಬಿ. ಬೇಸಿಗೆಯಲ್ಲಿ ಅದರ ಸಿಲಿಂಡರಿಗೂ ತತ್ವಾರವಾಗಿ ಬೆಲೆ ಏರಿತು. ಮುಹೂರ್ತದ ದಿನ ಶಂಕರಪುರ ಮಲ್ಲಿಗೆಯ ಅಟ್ಟೆ ಕೊಳ್ಳಲು ಹೋದವರ ಸ್ಥಿತಿ ನಮ್ಮದು.

ಮೂವರನ್ನು ಕರೆಸಿ ದರ ಕೇಳಿದೆವು. ಮೊದಲನೆಯವನು ಊಟದ ಮೇಜಿನ ಮೇಲೆ ಟ್ಯಾಬ್ಲೆಟ್ ಇಟ್ಟು, ಬಣ್ಣಬಣ್ಣದ ಚಿತ್ರ ತೋರಿಸಿ, ಐದು ಟನ್ನಿನದೇ ಹಾಕಿಸಿ, 17,500 ಡಾಲರ್ ಎಂದ. ಇವತ್ತೇ ಸಹಿ ಹಾಕಿದರೆ ಸಾವಿರ ಬಿಡುತ್ತಾನಂತೆ. ಸಂಜೆಯೊಳಗೆ ಸಾವಿರ ಬಿಡುವವನು ಮೊದಲೇ ಎಷ್ಟು ಸೇರಿಸಿರಬೇಕು ಎಂದು ನೀನೇ ಕಲಿಸಿದ್ದೀಯ. ಎರಡನೆಯವನು 9,600 ಎಂದು ಫೋನಿನಲ್ಲೇ ಹೇಳಿದ, ಮನೆ ನೋಡಲೇ ಇಲ್ಲ. ಮೂರನೆಯವನು ಕಿಟಕಿಗಳನ್ನು ಅಳೆದ, ಅಟ್ಟ ಹತ್ತಿ ಮೈಯೆಲ್ಲ ಧೂಳಾಗಿ ಇಳಿದ, ನಾಲ್ಕು ಟನ್ ಸಾಕು ಎಂದ. ಅಗತ್ಯಕ್ಕಿಂತ ದೊಡ್ಡದು ಹಾಕಿದರೆ ಬೇಗ ತಂಪಾಗಿ ಬೇಗ ನಿಲ್ಲುತ್ತದೆ, ಗಾಳಿಯ ತೇವ ಹಾಗೆಯೇ ಉಳಿಯುತ್ತದೆ, ಮಳೆಗಾಲದ ಆಟಿ ತಿಂಗಳ ಚಾಪೆಯ ಹಾಗೆ ಎಲ್ಲವೂ ಜಿಗುಟು ಎಂದು ವಿವರಿಸಿದ (ಚಾಪೆ ನಾನು ಸೇರಿಸಿದ್ದು). 12,800 ಡಾಲರ್. ಅವನಿಗೇ ಕೊಟ್ಟೆವು. ಇನ್ನೂ ಮೇಲ್ದರ್ಜೆಯದು ಕೊಂಡರೆ ತೆರಿಗೆಯಲ್ಲಿ 600 ಡಾಲರ್ ಬಿಡುತ್ತಾರೆ, 2025ರ ಡಿಸೆಂಬರ್ 31ಕ್ಕೆ ಆ ಸೌಲಭ್ಯವೂ ಮುಗಿಯುತ್ತದೆ. ಆದರೆ 600 ಉಳಿಸಲು ಮೂರು ಸಾವಿರ ಹೆಚ್ಚು ಕೊಡುವ ಲೆಕ್ಕ ಇವರಿಗೂ ಒಪ್ಪಿಗೆಯಾಗಲಿಲ್ಲ.

ಯಂತ್ರ ಬರುವವರೆಗೆ ಒಂದು ವಾರ ನಡುಮನೆಯಲ್ಲಿ ಎಲ್ಲರೂ ನೆಲದ ಮೇಲೆ ಮಲಗಿದೆವು. ಅಜ್ಜಿ ಮನೆಯ ಹಾಗೇ ಇದೆ ಎಂದು ಪುಟ್ಟಿಗೆ ಖುಷಿಯೋ ಖುಷಿ. ಕಿಟಕಿಗೆ ಇಡುವ ಸಣ್ಣ ಎಸಿ ಒಂದನ್ನು ತಂದು ಹಾಕಿದರೆ, ಮೂರನೆಯ ದಿನ ಬಡಾವಣೆಯ ಸಂಘದಿಂದ ಪತ್ರ: ಬೀದಿಗೆ ಕಾಣುವ ಕಿಟಕಿಯಲ್ಲಿ ಎಸಿ ಇಡಬಾರದು, ಬಡಾವಣೆಯ ಅಂದ ಕೆಡುತ್ತದೆ! ಸ್ವಂತ ಮನೆ, ಸ್ವಂತ ಬೆವರು, ಆದರೂ ಅಪ್ಪಣೆ ಬೇಕು. ಹಿಂದಿನ ಕಿಟಕಿಗೆ ಸಾಗಿಸಿದೆವು. ಇಷ್ಟಾದರೂ ಪಕ್ಕದ ಮನೆಯ ಮುದುಕಿ ತನ್ನ ಮನೆಯ ಬೀಗದ ಕೈಯನ್ನೇ ತಂದುಕೊಟ್ಟು, ‘ಮಗುವನ್ನು ನಮ್ಮಲ್ಲಿ ಮಲಗಿಸಿ’ ಎಂದಳು. ಇಲ್ಲಿಯವರು ಯಾರ ಮುಖವನ್ನೂ ನೋಡುವುದಿಲ್ಲ ಎಂದು ದೊಡ್ಡಮ್ಮ ಹೇಳುತ್ತಿರುತ್ತಾರಲ್ಲ, ಅವರಿಗೆ ಇದನ್ನು ತಿಳಿಸು.

ಕೂರಿಸಲು ಬಂದವರು ನಾಲ್ವರು, ಮೆಕ್ಸಿಕೊದ ಕಡೆಯವರು. ಬೆಳಿಗ್ಗೆ ಏಳಕ್ಕೆ ಅಟ್ಟ ಹತ್ತಿದರು. ಅದರೊಳಗೆ ಕಾವಲಿಯ ಬಿಸಿ. ನೀನು ಕೊಟ್ಟಿದ್ದ ಪುನರ್ಪುಳಿಯಿಂದ ಶರಬತ್ತು ಮಾಡಿಕೊಟ್ಟೆ. ತಮ್ಮಲ್ಲಿಯೂ ಇದೇ ಬಣ್ಣದ ಪಾನಕವಿದೆ, ದಾಸವಾಳದ ಜಾತಿಯ ಹೂವಿನದು ಎಂದು ಹೇಳಿ ಒಬ್ಬ ಮೂರು ಲೋಟ ಕುಡಿದ. ಸಂಜೆ ಐದಕ್ಕೆ ಮನೆ ತಣ್ಣಗಾಯಿತು. ಹಳೆಯ ಯಂತ್ರವನ್ನು ತಾಮ್ರದ ಸಮೇತ ಅವರೇ ಹೊತ್ತುಕೊಂಡು ಹೋದರು. ನೀನಾಗಿದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕಿ ಸ್ಟೀಲಿನ ಡಬ್ಬಿ ತರುತ್ತಿದ್ದೆ, ಗೊತ್ತು.

ಅಪ್ಪಯ್ಯ, ಇಲ್ಲಿಂದ ನಿಮಗೆ. ಮೂವತ್ತನಾಲ್ಕು ವರ್ಷ ಸಿಂಡಿಕೇಟ್ ಬ್ಯಾಂಕಿನ ಲೆಡ್ಜರ್ ಬರೆದವರ ಮಗಳು ನಾನು. ಈ ಎಸಿಗೆ ನಾನೊಂದು ಪಿಗ್ಮಿ ಕಟ್ಟುತ್ತಿದ್ದೆ. 2021ರ ಆಗಸ್ಟಿನಿಂದ ಪ್ರತಿ ತಿಂಗಳು 150 ಡಾಲರ್. ನಾಲ್ಕು ವರ್ಷಕ್ಕೆ 7,200 ಆಗಿತ್ತು. ಉಳಿದ 5,600 ಮಾತ್ರ ಹೊಸ ಖರ್ಚು, ಅದರಲ್ಲಿ ಇವರ ಬೋನಸ್ಸೇ ಮೂರು ಸಾವಿರ. ಬಡ್ಡಿಯಿಲ್ಲದ ಸಾಲ ಎಂದು ಹದಿನೆಂಟು ತಿಂಗಳ ಕಂತು ತೋರಿಸಿದರು. ಅದಕ್ಕೆ ಯಂತ್ರದ ಬೆಲೆಯನ್ನೇ ಏರಿಸಿದ್ದರು, ನಾನು ಹಿಡಿದೆ. ಒಂದು ಪೈಸೆ ಸಾಲವಿಲ್ಲ. ನಿಮ್ಮ ಕಾಲಿನ ಹಣ ಇದರ ಲೆಕ್ಕದಲ್ಲಿ ಎಂದೂ ಇರಲಿಲ್ಲ. ಆ ಪುಟವೇ ಬೇರೆ.

ಹಾಗಾಗಿ ನಮ್ಮ ಎಸಿಯನ್ನು ನಿಮ್ಮ ಮೊಣಗಂಟಿಗೆ ಅಡ್ಡ ಹಿಡಿಯಬೇಡಿ. ಕಳೆದ ವರ್ಷ ಅಡಿಕೆಯ ಬೆಲೆ ಅಡ್ಡ ಬಂತು, ಆಮೇಲೆ ಸುಮಕ್ಕನ ಮನೆಯ ಗೃಹಪ್ರವೇಶ, ಆಮೇಲೆ ಮಳೆಗಾಲ. ಹೆದರಿಕೆಯಾದರೆ ಹೆದರಿಕೆ ಎಂದೇ ಹೇಳಿ, ನಾನು ನಗುವುದಿಲ್ಲ. ಮಣಿಪಾಲದ ಡಾಕ್ಟರು ಮರುದಿನವೇ ವಾಕರ್ ಹಿಡಿಸಿ ನಡೆಸುತ್ತೇವೆ ಎಂದು ನಿಮ್ಮೆದುರಿಗೇ ಹೇಳಿದ್ದಾರೆ. ಉಡುಪಿಯ ಅಷ್ಟಮಿ ಮುಗಿಯಲಿ, ಮರುದಿನದ ವಿಟ್ಲಪಿಂಡಿ ಉತ್ಸವ ನೋಡಿ, ಮೂರನೆಯ ದಿನ ಆಸ್ಪತ್ರೆಗೆ ಹೋಗಿ ಸೇರಿಕೊಳ್ಳಿ. ಹುಲಿವೇಷದ ಸದ್ದು ಕೇಳಿದರೆ ಈಗಲೂ ನಿಮ್ಮ ಎಡಗಾಲು ಕುಣಿಯುತ್ತದೆ. ಬಲಗಾಲಿಗೂ ಅಷ್ಟು ಶಕ್ತಿ ಬರಲಿ.

ಅಮ್ಮ, ಡಿಸೆಂಬರ್‌ನಲ್ಲಿ ಬರುತ್ತೇವೆ ಎಂದಿದ್ದೆವಲ್ಲ, ಅದು ಏಪ್ರಿಲ್‌ಗೆ ಹೋಗಬಹುದು. ಎಸಿಗಾಗಿ ಅಲ್ಲ, ಇವರಿಗೆ ರಜೆ ಸಿಗುವುದು ಕಷ್ಟ, ಅಷ್ಟೇ. ಏಪ್ರಿಲ್‌ನಲ್ಲಾದರೆ ಹಲಸೂ ಸಿಗುತ್ತದೆ. ಎಸಿಗಾಗಿ ಅಲ್ಲವೇ ಅಲ್ಲ. ಆಪರೇಷನ್ನಿನ ಹದಿನೈದು ದಿನ ಸುಮಕ್ಕ ಬಂದು ಇರುತ್ತಾಳೆ, ಅವಳೊಂದಿಗೆ ಮಾತಾಗಿದೆ, ನೀನು ಒಬ್ಬಳೇ ಓಡಾಡಬೇಡ.

ಪುಟ್ಟಿಯ ಈಜಿನ ಸಮಯವಾಯಿತು, ಇವರು ಕಾರಿನಲ್ಲಿ ಹಾರನ್ ಹೊಡೆಯುತ್ತಿದ್ದಾರೆ. ದೊಡ್ಡಮ್ಮನಿಗೆ, ರಾಘುವಿಗೆ (ಅವನಿಗೆ ಬೇರೆಯೇ ಬರೆಯುತ್ತೇನೆ) ಕೇಳಿದೆನೆಂದು ಹೇಳು.

ನಿನ್ನ
ವಿಜಿ

ಮರೆತೆ: ಹಣ ವಾಪಸ್ ಕಳುಹಿಸುವ ಅರ್ಜಿಗೆ ಅಪ್ಪಯ್ಯ ಸಹಿ ಹಾಕಿಸಲು ಬಂದರೆ ಕನ್ನಡಕ ಸಿಗುತ್ತಿಲ್ಲ ಎನ್ನು.