ಶಾಸಕರೇ, ಹಳ್ಳದ ಅಳತೆ ಆಷಾಢದಲ್ಲಿ ತೆಗೆಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಮ್ಮ ಮನೆ ಕೆಳಗಿನ ಹಳ್ಳಕ್ಕೆ ಹೆಸರಿಲ್ಲ. ಸುಮ್ನೆ ‘ಹಳ್ಳ’ ಅನ್ನುತ್ತೇವೆ. ಮೂಡಿಗೆರೆ ತಾಲ್ಲೂಕಿನ ನಕ್ಷೆಯಲ್ಲಿ ಹುಡುಕಿದರೆ ಕೂದಲೆಳೆಯಷ್ಟು ನೀಲಿ ಗೆರೆ ಸಿಕ್ಕೀತು, ಅಷ್ಟೆ.

ಅದು ಹುಟ್ಟುವುದು ಗುಡ್ಡದ ಮೇಲಿನ ಶೋಲೆಯಲ್ಲಿ, ಅಂದರೆ ಹುಲ್ಲುಗುಡ್ಡಗಳ ಸಂದಿಯ ದಟ್ಟ ಕಾಡಿನಲ್ಲಿ. ಅಲ್ಲಿ ನೀರು ಕಾಣುವುದಿಲ್ಲ, ಕಾಲಿಟ್ಟರೆ ತರಗೆಲೆ ಪಚಪಚ ಅನ್ನುತ್ತದೆ. ಇಪ್ಪತ್ತು ಹೆಜ್ಜೆ ಇಳಿದರೆ ಬೆರಳು ದಪ್ಪದ ನೀರು. ಆಮೇಲೆ ಎರಡು ಗುಡ್ಡಗಳ ಸಂದಿಯಲ್ಲಿ ಬಂಡೆಯಿಂದ ಬಂಡೆಗೆ ಬಿದ್ದು, ಏಲಕ್ಕಿ ದಾಟಿ, ಕಾಫಿ ತೋಟದಲ್ಲಿ ಸೊಟ್ಟಸೊಟ್ಟ ಹರಿದು, ತಗ್ಗಿನ ಹಡ್ಲು ಗದ್ದೆಗೆ ಬಂದಾಗ ಕಾಲು ಚಾಚಿಕೊಳ್ಳುತ್ತದೆ. ಅಲ್ಲಿಂದ ಹೇಮಾವತಿಗೆ. ಹೇಮಾವತಿ ಹುಟ್ಟುವುದೂ ನಮ್ಮ ತಾಲ್ಲೂಕಿನ ಜಾವಳಿಯಲ್ಲೇ. ಗೊರೂರು ಅಣೆಕಟ್ಟೆಯಲ್ಲಿ 37 ಟಿಎಂಸಿ ನಿಲ್ಲುತ್ತದೆ ಅಂತಾರಲ್ಲ, ಅದರಲ್ಲಿ ನಮ್ಮ ಹಳ್ಳದ್ದೂ ನಾಲ್ಕು ಕೊಡ ಇರುತ್ತದೆ ಅಲ್ವಾ? ಘಟ್ಟದ ಏಣಿನ ಆಚೆ ಬಿದ್ದ ಮಳೆ ನೇತ್ರಾವತಿ ಸೇರಿ ಪಡುವಣ ಕಡಲಿಗೆ ಹೋಗುತ್ತದೆ. ಒಂದು ಮಾರು ಈಚೆ ಬಿದ್ದರೆ ಕಾವೇರಿ ಪಾಲು.

ಇರಲಿ, ವಿಷಯ ಈ ಹಳ್ಳ ದಾಟುವ ರಸ್ತೆಯ ಮೋರಿಯದು. ಹೋದ ಏಪ್ರಿಲ್‌ನಲ್ಲಿ ರಸ್ತೆ ಕೆಲಸಕ್ಕೆ ಬಂದವರು ಚಪ್ಪಲಿ ಬಿಚ್ಚದೆ ಹಳ್ಳ ದಾಟಿದರು. ಟೇಪ್ ಹಿಡಿದು, ಎರಡು ಸಿಮೆಂಟ್ ಪೈಪ್ ಸಾಕು ಅಂದರು. ಅಜ್ಜನ ಕಾಲದ ಕಲ್ಲು ಸಂಕ, ಅದೇ ಕಿರುಸೇತುವೆ, ಕಿತ್ತರು. ಹಳ್ಳದ ಒಂದು ತಿರುವಿಗೆ ಮಣ್ಣು ತುಂಬಿ ಜೆಸಿಬಿಯಲ್ಲಿ ನೇರ ಮಾಡಿದರು. ಮಳೆಗಾಲದಲ್ಲಿ ಒಂದ್ಸಲ ನೋಡಿ ಅಂದೆ. ನಕ್ಕರು.

ಪುನರ್ವಸು ಮಳೆಯ ಒಂದು ರಾತ್ರಿ ಕೊಂಬೆ, ಬಿದಿರು, ಬೇರು ಸಮೇತ ಒಂದು ಮರ ಬಂದು ಪೈಪಿನ ಬಾಯಿಗೆ ಸಿಕ್ಕಿಕೊಂಡವು. ಬೆಳಿಗ್ಗೆ ನೋಡಿದರೆ ಹಳ್ಳ ತನ್ನ ಹಳೇ ತಿರುವನ್ನೇ ಹಿಡಿದಿತ್ತು. ರಸ್ತೆ ಇರಲಿಲ್ಲ. ನಮ್ಮ ಸಸಿಮಡಿ ಮೇಲೆ ಮೊಣಕಾಲುದ್ದ ಮರಳು. ಹದಿನೈದು ದಿನ ಮಕ್ಕಳು ಶಾಲೆಗೆ ಹೋಗಲಿಲ್ಲ.

ಇಲ್ಲಿನ ಹಳ್ಳ ಬರೀ ನೀರು ತರುವುದಿಲ್ಲ ಸ್ವಾಮಿ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ ಕಡೆ ಗುಡ್ಡವೇ ಜರಿದು ಬಂತಲ್ಲ, ಮರೆಯುವ ಹಾಗಿದೆಯೇ?

ಈಗ ಅದೇ ಜಾಗಕ್ಕೆ ಮತ್ತೆ ಪೈಪ್ ತಂದು ಇಳಿಸಿದ್ದಾರೆ. ಈ ಸಲ ಮೂರು! ದಯವಿಟ್ಟು ನಿಲ್ಲಿಸಿ. ನಡುವೆ ಕಂಬ ಇಲ್ಲದ ಒಂದು ಚಿಕ್ಕ ಸೇತುವೆ ಕೊಡಿ. ತಿರುವಿಗೆ ತುಂಬಿದ ಮಣ್ಣು ಪೂರ್ತಿ ತೆಗೆಸಿ. ಎಸ್ಟಿಮೇಟ್‌ಗೆ ಮುಂಚೆ ಇಂಜಿನಿಯರ್ ಅವರನ್ನು ಆಷಾಢದಲ್ಲಿ ಒಮ್ಮೆ ಕಳಿಸಿ. ಕೊಡೆ, ಇಂಬಳಕ್ಕೆ ಸುಣ್ಣ ಹೊಗೆಸೊಪ್ಪು ನಾನೇ ಕೊಡುತ್ತೇನೆ. ನೀರು ಎಲ್ಲಿಯವರೆಗೆ ಏರಿತ್ತು ಅನ್ನುವ ಗುರುತು ಅತ್ತಿ ಮರದ ಮೇಲಿದೆ, ತೋರಿಸುತ್ತೇನೆ.

ಇತಿ,
ಹಳ್ಳದ ಕೆಳಗಿನ ಗದ್ದೆಯವ