ಗೆಳೆಯನಿಗೊಂದು ಪತ್ರ: ಎರಡು ಮಕ್ಕಳು, ಒಂದು ಬುತ್ತಿ ಗಂಟು, ಲಕ್ಕುಂಡಿ

ದೋಸ್ತ,

ದಸರಾ ರಜಾಕ್ಕ ಹುಬ್ಬಳ್ಳಿಗೆ ಬರಾಕತ್ತೀರಿ ಅಂತ ಕೇಳಿ ಖುಷಿ ಆತು. ನೀ ಕಳಿಸಿದ ಯಾದಿ ಓದಿದ ಮ್ಯಾಲ ನಗು ಬಂತು. ಶನಿವಾರ ಅಣ್ಣಿಗೇರಿ, ಗದಗ, ಲಕ್ಕುಂಡಿ. ಐತವಾರ ಗೋಟಗೋಡಿ, ಬಾಡ, ಕಾಗಿನೆಲೆ, "ಟೈಮ್ ಉಳದ್ರ" ರಾಣೆಬೆನ್ನೂರಿನ ಚಿಗರಿ, ಅಂದ್ರ ಕೃಷ್ಣಮೃಗ. ಬೆಂಗಳೂರಾಗ ಕುಂತು ನಕಾಶಿ ನೋಡಿ ಬರದ ಯಾದಿ ಇದು. ನಕಾಶಿಯೊಳಗ ಕಿಲೋಮೀಟರ್ ಇರತಾವ, ಮೂರು ವರ್ಷದ ಸಣ್ಣಾಕಿ ಇರಂಗಿಲ್ಲ.

ಸಣ್ಣ ಮಕ್ಳ ಗಡಿಯಾರ ಬ್ಯಾರೆ. ಮುಂಜಾನೆ 8ರಿಂದ 11:30ರ ತನಕ ಅವರು ಏನ್ ತೋರಿಸಿದ್ರೂ ನೋಡ್ತಾರ. 12ಕ್ಕ ಹಸಿವು. 1:30ಕ್ಕ ನಿದ್ದಿ. ನಿದ್ದಿ ತಪ್ಪಿದ್ರ 3ಕ್ಕ ಸುಮ್ಮಸುಮ್ಮನ ಅಳು, ಅದಕ್ಕ ಔಷಧ ಇಲ್ಲ. 4:30ಕ್ಕ ಮತ್ತ ಜೀವ ಬರತೈತಿ, ಆವಾಗ ನಿಮಗ ಜೀವ ಇರಂಗಿಲ್ಲ. ಅಂದ್ರ ದಿನಕ್ಕ ಸಿಗೂದು ಮೂರೂವರಿ ತಾಸು. ಅದಕ್ಕ ದಿನಕ್ಕ ಒಂದ ಊರು ಇಟ್ಕೊ. ದಾರ್‍ಯಾಗ ಇನ್ನೊಂದು ಜಾಗಾ ಇದ್ರ ಅದನ್ನ ಮನಸ್ಸಿನ್ಯಾಗ ಇಟ್ಕೊ, ಮಕ್ಳ ಮುಂದ ಬಾಯಿ ಬಿಡಬ್ಯಾಡ. ಹೇಳಿ ಬಿಟ್ರ ಅದು ಸಾಲ ಆಗತೈತಿ, ವಸೂಲಿ ಮುಗಿಯೂ ತನಕ ಬಿಡಂಗಿಲ್ಲ.

ಚಿಗರಿ ಆಸೆನೂ ಬಿಡು. ಹುಬ್ಬಳ್ಳಿಯಿಂದ ರಾಣೆಬೆನ್ನೂರು ಸುಮಾರು 100 ಕಿ.ಮೀ., ಅವು ಕಾಣೂದು ಮುಂಜಾನೆ ಲಗೂ ಇಲ್ಲಾ ಸಂಜಿ ಮುಂದ, ಬಿಸಿಲಾಗ ಅಲ್ಲ. ಹುಬ್ಬಳ್ಳಿ-ಧಾರವಾಡ ನಡುವ ಓಡೂ ಬಸ್ಸಿಗೂ ಚಿಗರಿ ಅಂತನ ಹೆಸರು. ಸಣ್ಣಾಕಿಗೆ ಈ ಸಲ ಅದ ಸಾಕು.

ಶನಿವಾರ ಲಕ್ಕುಂಡಿ ಇರಲಿ. ಹೋಗೂ ಮುಂದ ರೈಲು, ಬರೂ ಮುಂದ ಬಸ್ಸು. ಗದಗಕ್ಕ ರಸ್ತೆ 60 ಕಿ.ಮೀ.ಗೆ ಹತ್ರ, ರೈಲು ಒಂದು ತಾಸಿನ ಮ್ಯಾಲ ಸ್ವಲ್ಪ ಹಿಡೀತೈತಿ. ಎಲ್ಲಾ ಕಡೆ ನಿಲ್ಲೂ ಗಾಡಿ ಸಿಕ್ರ ಅದನ್ನ ಹತ್ರಿ. ಹೆಬಸೂರ, ಅಣ್ಣಿಗೇರಿ, ಹುಲಕೋಟಿ, ಬಿಂಕದಕಟ್ಟಿ ಅಂತ ಹಳದಿ ಬೋರ್ಡ್ ಬರತಾವ. ದೊಡ್ಡಾಂವಗ ಕನ್ನಡ ಓದಾಕ ಬ್ಯಾಸರ ಅಂತ ಅಂದಿದ್ದಿ. ಗಾಡಿ ನಿಲ್ಲೂದ್ರೊಳಗ ಬೋರ್ಡಿನ ಮ್ಯಾಲಿನ ಸಾಲು ಓದಿದ್ರ ಒಂದು ಶೇಂಗಾ ಉಂಡಿ ಅಂತ ಕರಾರು ಮಾಡು. ಅಣ್ಣಿಗೇರಿ ಬಂದಾಗ ಇದು ಪಂಪನ ಊರು ಅಂತ ಒಂದು ಮಾತು ಹೇಳಿ ಬಿಡು, ಇಳಿಯೂದು ಬ್ಯಾಡ. ದಾರಿ ತುಂಬ ಎರಿ ಭೂಮಿ, ಹತ್ತಿ, ಮೆಣಸಿನಗಿಡ, ಅಲ್ಲಲ್ಲಿ ಉಳ್ಳಾಗಡ್ಡಿ ರಾಶಿ. ಗದಗ ಹತ್ರ ಬಂದಂಗ ಗುಡ್ಡದ ಮ್ಯಾಲ ಗಾಳಿ ಗಿರಣಿ ಕಾಣತಾವ. ಎಷ್ಟು ತಿರಗತಾವ, ಎಷ್ಟು ನಿಂತಾವ ಅಂತ ಎಣಿಸೂ ಕೆಲಸ ಸಣ್ಣಾಕಿಗೆ. ಎಣಿಕಿ ತಪ್ಪಿದ್ರೂ ತಿದ್ದಾಕ ಹೋಗಬ್ಯಾಡ, ಮೊದ್ಲಿಂದ ಸುರು ಮಾಡ್ತಾಳ.

ಮನಿ ಬಿಡೂದ ದೊಡ್ಡ ಕೆಲಸ. 7:30ಕ್ಕ ಹೊರಡೂದು ಅಂದ್ರ 8:15 ಆಗತೈತಿ. ಆ ಮುಕ್ಕಾಲು ತಾಸು ಯಾವಾಗಲೂ ಮೂರ ಕಡೆ ಹೋಗತೈತಿ: ಒಂಟಿ ಚಪ್ಪಲ್ಲು, ತುಂಬದ ನೀರಿನ ಬಾಟ್ಲಿ, ಬೂಟು ಹಾಕಿದ ಮ್ಯಾಲ ನೆನಪಾಗೂ ಸಂಡಾಸು. ರಾತ್ರಿನ ಚಪ್ಪಲ್ಲು ಜೋಡಿ ಜೋಡಿ ಬಾಗಿಲ ಮುಂದ ಇಡು, ಬಾಟ್ಲಿ ತುಂಬಿ ಬಾಯಿ ಬಿಗಿದು ಬೋರಲ ಹಾಕಿ ನೋಡು. ರಾತ್ರಿ ಸೋರಿದ್ದು ಕಟ್ಟಿ ಮ್ಯಾಲ ಗೊತ್ತಾಗತೈತಿ, ಮುಂಜಾನೆ ಸೋರಿದ್ದು ಬ್ಯಾಗಿನ್ಯಾಗ ಗೊತ್ತಾಗತೈತಿ. ಮುಂಜಾನೆ ಸಂಡಾಸು ಮೊದ್ಲು, ಅಂಗಿ ಆಮ್ಯಾಲ, ಚಪ್ಪಲ್ಲು ಕಡೀಕ. ವೈನಿಯವರು ಬುತ್ತಿ ಕಟ್ಟೂ ಮುಂದ "ಇನ್ನೂ ಎಷ್ಟೊತ್ತು" ಅಂತ ಅಡಗಿಮನಿ ಬಾಗಿಲಾಗ ನಿಂತು ಕೇಳಬ್ಯಾಡ. ಕೈ ಖಾಲಿ ಇದ್ರ ಉಳ್ಳಾಗಡ್ಡಿ ಹೆಚ್ಚು.

ಬುತ್ತಿ ವಿಷಯದಾಗ ಎಲ್ಲಾರೂ ತಪ್ಪೂದು ಮೊಸರು ಬುತ್ತಿಯೊಳಗ. ಮುಂಜಾನೆನ ಮೊಸರು ಸುರಿದು ಕಲಸಿ ಬಿಡ್ತಾರ, 12ರೊಳಗ ಅದು ಹುಳಿ ಹುಳಿ. ಹಿಂಗ ಮಾಡ್ರಿ. 2 ವಾಟಗ ಅಕ್ಕಿಗೆ 6 ವಾಟಗ ನೀರು ಹಾಕಿ ಮೆತ್ತಗ ಬೇಯಿಸಿ, ಬಿಸಿ ಇರೂ ಮುಂದ ಸೌಟಿನ ಹಿಂಭಾಗದಿಂದ ಜಜ್ಜಿ. ಅಗಲ ಪರಾತದಾಗ ಹರವಿ ಬೆರಳು ತಡಿಯೂವಷ್ಟು ಆರಬೇಕು. ಆಮ್ಯಾಲ ಕಾಯಿಸಿ ಉಗುರಬೆಚ್ಚಗ ಮಾಡಿದ ಹಾಲು 3 ವಾಟಗ, ಮೊಸರು ಬರೇ 3 ಚಮಚ, ರುಚಿಗೆ ಉಪ್ಪು. ಈಗ ಅದು ನೀರು ನೀರು ಕಾಣತೈತಿ, ಅಂಜಬ್ಯಾಡ್ರಿ. ಅನ್ನ ಹಾಲು ಹೀರಕೊಂಡು, ದಾರ್‍ಯಾಗ ಹೆಪ್ಪು ಹಿಡದು, ಬಿಚ್ಚೂ ಹೊತ್ತಿಗೆ ತಾಜಾ ಮೊಸರು ಆಗಿರತೈತಿ. ಅನ್ನ ಸುಡೂ ಮುಂದ ಹಾಲು-ಮೊಸರು ಹಾಕಿದ್ರ ಒಡದು ಗಂಟಾಗತೈತಿ. ಪೂರ್ತಿ ತಣ್ಣಗಾದ ಮ್ಯಾಲ ಹಾಕಿದ್ರ ಹೆಪ್ಪು ಹಿಡಿಯಂಗಿಲ್ಲ. ಬಿಸಿ ಇದ್ದಾಗ ಡಬ್ಬಿ ಮುಚ್ಚಿದ್ರ ಮುಚ್ಚಳದ ಬೆವರು ಒಳಗ ಬಿದ್ದು ವಾಸನಿ ಬರತೈತಿ. ಒಗ್ಗರಣಿ ಸಾಸಿವಿ, ಕರಿಬೇವು, ಒಣ ಮೆಣಸಿನಕಾಯಿ ಇಷ್ಟ. ಉಳ್ಳಾಗಡ್ಡಿ ಬ್ಯಾರೆ ಡಬ್ಬಿಯೊಳಗ ಒಯ್ದು ಅಲ್ಲೇ ಹಾಕ್ಕೊಳ್ರಿ. ಡಬ್ಬಿ ಮುಕ್ಕಾಲಷ್ಟ ತುಂಬ್ರಿ.

ಕಟಕ ರೊಟ್ಟಿ ದೊಡ್ಡೋರಿಗೆ. ಒಂದರ ಮ್ಯಾಲ ಒಂದು ಇಟ್ಟು ಅರಬಿಯೊಳಗ ಸುತ್ತಿ ಬ್ಯಾಗಿನ ಮ್ಯಾಲ್ಗಡೆ ಇಡ್ರಿ, ಕೆಳಗ ಇಟ್ರ ನೀರಿನ ಬಾಟ್ಲಿ ಅದನ್ನ ಪುಡಿ ಮಾಡಿ ಕೊಡತೈತಿ. ಮಕ್ಳಿಗೆ ಹಾಲು ಹಾಕಿ ನಾದಿದ ಚಪಾತಿ, ಮಧ್ಯಾಹ್ನದ ತನಕ ಮೆತ್ತಗ ಇರತೈತಿ. ಶೇಂಗಾ ಹಿಂಡಿ ಮಿಕ್ಸರಿನ್ಯಾಗ ಮಾಡಿದ್ರ ತಡದು ತಡದು ತಿರಗಿಸಬೇಕು, ಒಂದ ಸಮನೆ ತಿರಗಿಸಿದ್ರ ಶೇಂಗಾ ಎಣ್ಣಿ ಬಿಟ್ಟು ಉಂಡಿ ಆಗತೈತಿ. ಮಕ್ಳ ಪಾಲಿಗೆ ಖಾರದ ಬದಲಿ ಬೆಲ್ಲ ಹಾಕಿ ಬ್ಯಾರೆ ತಗದಿಡ್ರಿ.

ಹೊಟ್ಟಿ ತೊಳಸೂ ಮಕ್ಳಿಗೆ ಹೊರಡೂ ಮುಂದ ಹಾಲು ಕೊಡಬ್ಯಾಡ್ರಿ, ಪ್ರೀತಿ ಮಾಡಿ ಕುಡಿಸಿದ್ದ ಹಾಲು ಅಣ್ಣಿಗೇರಿ ಮುಟ್ಟಂಗಿಲ್ಲ. ಮುಕ್ಕಾಲು ತಾಸು ಮೊದ್ಲು ಒಗ್ಗರಣಿ ಅವಲಕ್ಕಿ ಅರ್ಧ ಪ್ಲೇಟು ಸಾಕು. ಬಸ್ಸಿನ್ಯಾಗ ಗಾಲಿ ಮ್ಯಾಲಿನ ಸೀಟು, ಹಿಂದಿನ ಸೀಟು ಬ್ಯಾಡ. ಕಿಸೆದಾಗ ಎರಡು ಪ್ಲಾಸ್ಟಿಕ್ ಚೀಲ ಇರಲಿ, ಬ್ಯಾಗಿನ್ಯಾಗ ಅಲ್ಲ. ಬ್ಯಾಗು ಬಿಚ್ಚೂದ್ರೊಳಗ ಕೆಲಸ ಮುಗದಿರತೈತಿ.

ಗದಗ ಬಸ್ ಸ್ಟ್ಯಾಂಡಿನಿಂದ ಲಕ್ಕುಂಡಿ 12 ಕಿ.ಮೀ., ಕೊಪ್ಪಳದ ದಾರ್‍ಯಾಗ. ದೂರದ ಬಸ್ಸು ಎಲ್ಲಾ ನಿಲ್ಲಂಗಿಲ್ಲ, ಹತ್ತೂ ಮೊದ್ಲ ಕಂಡಕ್ಟರನ್ನ ಕೇಳು. ನೂರಾ ಒಂದು ಗುಡಿ, ನೂರಾ ಒಂದು ಬಾವಿ ಅಂತ ಊರಿನ ಹೆಸರುವಾಸಿ. ನೀವು ನೋಡೂದು ಮೂರ: ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ, ಮುಸುಕಿನ ಬಾವಿ. ನಾಲ್ಕನೇ ಗುಡಿಗೆ ಹೊಂಟ್ರಿ ಅಂದ್ರ ಸಣ್ಣಾಕಿ ನಿನ್ನ ಹೆಗಲ ಮ್ಯಾಲ ಇರತಾಳ.

ಬ್ರಹ್ಮ ಜಿನಾಲಯ ಮೊದ್ಲು. ರನ್ನನಿಗೆ ಆಸರಾದ ದಾನಚಿಂತಾಮಣಿ ಅತ್ತಿಮಬ್ಬೆ 1007ರಾಗ ಕಟ್ಟಿಸಿದ್ದು. ಇತಿಹಾಸ ಇಷ್ಟ ಹೇಳು, ಉಳಿದದ್ದನ್ನ ಕೆಲಸದಿಂದ ತಿಳಸು. ಒಳಗ ಕತ್ತಲಿ, ಮೊಬೈಲ್ ಬ್ಯಾಟರಿ ಹಚ್ಚಿ ದೊಡ್ಡಾಂವನ ಕೈಯಾಗ ಕೊಡು. ಬ್ರಹ್ಮನ ಮೂರ್ತಿ ಎದುರಿಗೆ ನಿಲ್ಲಿಸಿ ಎಷ್ಟು ಮುಖ ಅಂತ ಕೇಳು. ಮೂರು ಅಂತಾನ. ನಾಲ್ಕು ಅಂತ ಹೇಳಿ ನೀ ಸುಮ್ಮನ ನಿಲ್ಲು, ಹತ್ತು ನಿಮಿಷ ಅಲ್ಲೇ ಹೋಗತಾವ. ಕಾಶಿ ವಿಶ್ವನಾಥದಾಗ ಎರಡು ಗುಡಿ ಎದರಾಬದರಾ, ಒಂದು ಶಿವಂದು, ಒಂದು ಸೂರ್ಯಂದು. ಅಲ್ಲಿ ಬಾಗಿಲ ಚೌಕಟ್ಟು ನೋಡ್ರಿ. ಪಟ್ಟಿ ಮ್ಯಾಲ ಪಟ್ಟಿ, ಬಳ್ಳಿ, ಗೊಂಬಿ, ಇಳಕಲ್ಲ ಸೀರಿ ದಡಿ ನೇಯ್ದಂಗ ಕಲ್ಲು ಕೊರದಾರ. ಉಳಿಗೆ ಬಗ್ಗೂ ಬಳಪದಂಥ ಕಲ್ಲು ಅದು, ಅದಕ್ಕ ಅಷ್ಟು ಸಣ್ಣ ಕೆಲಸ ಹಿಡದೈತಿ. ಕೆಲವು ಕಂಬ ಚರಕಿಗೆ ಹಿಡದು ತಿರವಿದಂಗ ಉರುಟು. ಸಣ್ಣಾಕಿ ಮುಟ್ಟೇ ಮುಟ್ಟತಾಳ. ಮುಟ್ಟಲಿ, ಶೇಂಗಾ ಎಣ್ಣಿ ಕೈ ಮಾತ್ರ ಮೊದ್ಲ ಒರಸು.

ಚಪ್ಪಲ್ಲು ಬಿಟ್ಟು ನಡಿಯೂ ಕಡೆ 11ರ ಮ್ಯಾಲ ಕಲ್ಲು ಕಾಯತೈತಿ. ಮಕ್ಳಿಗೆ ಕಾಲಚೀಲ ಹಾಕ್ರಿ. ಗುಡಿ ಒಳಗ ಹೋಗೂ ಮುಂದ ಅದನ್ನ ತಗಿಸಬೇಕು, ನುಣ್ಣನ ಕಲ್ಲಿನ ಮ್ಯಾಲ ಕಾಲಚೀಲ ಜಾರತೈತಿ. ಹಾಕೂದು, ತಗಿಯೂದು, ಒಂದು ಕಳಿಯೂದು. ಅದಕ್ಕ ಎರಡು ಜೋಡಿ ಹೆಚ್ಚಿಗೆ ಇರಲಿ.

ಮುಸುಕಿನ ಬಾವಿ ಮಾಣಿಕೇಶ್ವರ ಗುಡಿ ಮುಂದ. ಮೆಟ್ಟಲಾ ಇಳಕೋತ ಹೋಗತಾವ, ಗ್ವಾಡಿಯೊಳಗ ಸಣ್ಣ ಸಣ್ಣ ಗುಡಿಯಂಥ ಗೂಡು. ನೋಡಿದ ಕೂಡ್ಲೇ ಮಕ್ಳು ಓಡ್ತಾರ, ಯಾಕಂದ್ರ ಮೆಟ್ಟಲಾ ಅಂದ್ರ ಅವರಿಗೆ ಆಟ. ಕೈ ಹಿಡದ್ರ ಸಾಲಂಗಿಲ್ಲ. ಇಳಿಯೂ ಮುಂದ ನೀ ಒಂದು ಮೆಟ್ಟಲಾ ಕೆಳಗ, ಅವರ ಕಡೆ ಮಾರಿ ಮಾಡಿ, ಹತ್ತೂ ಮುಂದ ನೀ ಅವರ ಹಿಂದ. ಜಾರಿದ್ರ ಕೆಳಗ ಯಾರರ ಇರಬೇಕು. ನೀರಿಗೆ ಹತ್ತಿದ ಮೆಟ್ಟಲಾ ಹಸರ ಕಂಡ್ರ ಅದು ಪಾಚಿ, ಅಲ್ಲಿಂದ ನಾಲ್ಕು ಮೆಟ್ಟಲಾ ಮ್ಯಾಲೆ ನಿಂತ್ಕೊಳ್ರಿ. ಅವ್ವಾರ ಮೊಣಕಾಲಿಗೆ ಈ ಇಳಿಜಾರು ಬ್ಯಾಡ. ಅವರು ಮ್ಯಾಲ ಕುಂತು ಬ್ಯಾಗು ಕಾಯ್ಲಿ, ಹಂಗ ಹೇಳಿದ್ರ ಬ್ಯಾಸರ ಮಾಡ್ಕೊಳ್ಳಂಗೂ ಇಲ್ಲ.

ಗುಡಿ ಅಂಗಳದ ಹುಲ್ಲಿನ ಮ್ಯಾಲ ಬುತ್ತಿ ಬಿಚ್ಚಬ್ಯಾಡ್ರಿ. ಹೊರಗ ಗಿಡದ ನೆರಳು ನೋಡ್ರಿ, ಆದ್ರ ಹಿಂದಿನ ದಿನ ಮಳಿ ಬಿದ್ದಿದ್ರ ಹೊಲದ ಬದುವಿಗೆ ಹೋಗಬ್ಯಾಡ್ರಿ. ಹಸಿ ಎರಿ ಮಣ್ಣು ನಿನಗ ಗೊತ್ತೈತಿ, ಬೆಂಗಳೂರು ಮಕ್ಳಿಗೆ ಗೊತ್ತಿಲ್ಲ. ಮೂರು ಹೆಜ್ಜಿಗೆ ಚಪ್ಪಲ್ಲಿನ ಕೆಳಗ ಇನ್ನೊಂದು ಚಪ್ಪಲ್ಲು, ಆರು ಹೆಜ್ಜಿಗೆ ಚಪ್ಪಲ್ಲು ಮಣ್ಣಾಗ, ಕಾಲು ಹೊರಗ. ಅಂಗಿಗೆ ಹತ್ತಿದ್ರ ಹಸಿ ಇದ್ದಾಗ ತಿಕ್ಕಬ್ಯಾಡ್ರಿ, ಕಲಿ ಒಳಗ ಇಳೀತೈತಿ. ಒಣಗಾಕ ಬಿಟ್ಟು, ಕೈಯಿಂದ ತಿಕ್ಕಿ ಉದುರಿಸಿ, ಆಮ್ಯಾಲ ತಣ್ಣೀರಾಗ ನೆನಸ್ರಿ. ಚಪ್ಪಲ್ಲಿಗೆ ಒಂದು ಕಡ್ಡಿ ಸಾಕು.

ಉಂಡ ಮ್ಯಾಲ ವಾಪಸ್ ಗದಗಕ್ಕ, ಅಲ್ಲಿಂದ ಹುಬ್ಬಳ್ಳಿ ಬಸ್ಸು. ಕಿಡಕಿ ಕಡೆ ಸಣ್ಣಾಕಿ ಮಲಗಿದ್ಳು ಅಂದ್ರ ಸುಮ್ಮನ ಬರ್ರಿ. ಮಲಗಿಲ್ಲಾ ಅಂದ್ರ ದಾರ್‍ಯಾಗ ಬಿಂಕದಕಟ್ಟಿಯೊಳಗ ಸಣ್ಣ ಮೃಗಾಲಯ ಐತಿ, ಮನಸ್ಸಿನ್ಯಾಗ ಇಟ್ಕೊ ಅಂದಿದ್ನೆಲ್ಲ, ಅದ ಇದು. ಹುಲಿ ಮಲಗಿದ್ರ ಅದರ ತಪ್ಪಲ್ಲ, ಅದಕ್ಕೂ ಮಧ್ಯಾಹ್ನದ ನಿದ್ದಿ ಬೇಕು.

ಐತವಾರ ಗೋಟಗೋಡಿ ಒಂದ. ಶಿಗ್ಗಾಂವಿ ತಾಲೂಕು, ಹೆದ್ದಾರಿ ಮ್ಯಾಲ, ಗಾಡಿ ಇದ್ರ ಒಂದು ತಾಸಿನೊಳಗ. ಕಲಾವಿದ ಟಿ.ಬಿ. ಸೊಲಬಕ್ಕನವರ ಮಾಡಿಸಿದ ಶಿಲ್ಪಗಳ ತೋಟ. ಹಳ್ಳಿ ಜೀವನ ಆಳೆತ್ತರದ ಗೊಂಬಿಯೊಳಗ ಐತಿ. ಸಣ್ಣಾಕಿ ಅಂಜಿದ್ರ ಎಮ್ಮಿ, ಕೋಳಿ ಕಡೆ ಮೊದ್ಲು ಕರಕೊಂಡು ಹೋಗು, ಮನುಷ್ಯಾರನ್ನ ಆಮ್ಯಾಲ ತೋರಸು. ಇಲ್ಲಿ ಮುಂದ ನಡಿಯಬೇಕಾದವರು ಅವ್ವಾರು. ರಂಟಿ ಯಾವುದು, ಕುಂಟಿ ಯಾವುದು, ಕೂರಿಗಿ ಯಾವುದು ಅಂತ ನಿನಗೂ ಸುದ್ದ ಸರಿ ಹೇಳಾಕ ಬರಂಗಿಲ್ಲ, ಅವರಿಗೆ ಬರತೈತಿ. ಬಾಡ, ಕಾಗಿನೆಲೆ ಕನಕದಾಸರ ಜಾಗಾ, ದೊಡ್ಡಾಂವ ನಾಲ್ಕನೇತ್ತಾ ಮುಟ್ಟಿದ ಮ್ಯಾಲ ಬರ್ರಿ.

ಸಂಜಿಗೆ ಉಣಕಲ್ಲ ಕೆರಿ. ಗಿರ್ಮಿಟ್ ತಗೊಳೂ ಮುಂದ ಮಕ್ಳಿಗೆ "ಖಾರ ಕಡಿಮಿ" ಅನ್ನೂದು ಉಪಯೋಗಿಲ್ಲ, ಖಾರ ಗೊಜ್ಜಿನ್ಯಾಗ ಮೊದ್ಲ ಕುದ್ದಿರತೈತಿ. ಒಣಾ ಚುನಮರಿಗೆ ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ ಅಷ್ಟ ಹಾಕಿಸು. ನಿಂದು ಬಂದ ಕೂಡ್ಲೇ ತಿನ್ನು, ಐದು ನಿಮಿಷ ಬಿಟ್ರ ಚುನಮರಿ ಹಸಿ ಅರಬಿ ಆಗತೈತಿ. ಮಿರ್ಚಿ ಭಜಿ ಬ್ಯಾರೆ ಕಾಗದದಾಗ ಇಸ್ಕೊ.

ಬೆಂಗಳೂರು ಗಾಡಿ ಹತ್ತೂ ದಿನ ದೊಡ್ಡಾಂವ ಹುಬ್ಬಳ್ಳಿ ಸ್ಟೇಶನ್ನಿನ್ಯಾಗಿನ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಪೂರ್ತಿ ನಡೀತೀನಿ ಅಂತಾನ. 1507 ಮೀಟರ್ ಐತಿ ಅದು. ಹೋಗೂ ಮುಂದ ನಡೀತಾನ, ಬರೂ ಮುಂದ ನೀ ಹೊರತೀ. ಬೋಗಿ ನಂಬರ್ ಎಲ್ಲಿ ಬರತೈತಿ ಅಂತ ಮೊದ್ಲ ಕೇಳ್ಕೊಂಡು ಅಲ್ಲಿ ತನಕ ಅಷ್ಟ ಬಿಡು. ಪೇಡೆ ಅವತ್ತ ತಗೋ, ಮೊದ್ಲ ತಗೊಂಡ್ರ ಮನ್ಯಾಗ ಮುಗೀತಾವ. ಡಬ್ಬಿ ಅಡ್ಡಡ್ಡ ಮಲಗಿಸಬ್ಯಾಡ, ಮ್ಯಾಲಿನ ಸಕ್ಕರಿ ಪುಡಿ ಉದುರಿ ಬ್ಯಾಗಿನ ತುಂಬ ಇರುವಿ ಆಗತಾವ.

ಸಣ್ಣಾಕಿ ಕಾಲಚೀಲ ನಾಲ್ಕು ಜೋಡಿ ತರ್ರಿ. ಬಣ್ಣ ಎಲ್ಲಾ ಒಂದ ಇರಲಿ, ಒಂದು ಕಳದ್ರ ಉಳಿದದ್ದಕ್ಕ ಜೋಡಿ ಸಿಗತೈತಿ. ಅವ್ವಾರಿಗೆ ನಮಸ್ಕಾರ ಹೇಳು.

ನಿನ್ನ
ದೋಸ್ತ, ಹುಬ್ಬಳ್ಳಿಯಿಂದ