ಬೆಲ್ಟಿನ ಫೋಟೊ ಜೊತೆ ಕೈಗೆ ಬಂದ ದುಡ್ಡನ್ನೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಬಾಕ್ಸಿಂಗ್ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಬರುವುದೇ ಕಮ್ಮಿ. ಬಂದರೆ ಕೋಟಿಗಳ ಲೆಕ್ಕ ಹೊತ್ತುಕೊಂಡೇ ಬರುತ್ತದೆ. 2015ರ ಮೇ 2ರಂದು ಲಾಸ್ ವೇಗಾಸ್‌ನಲ್ಲಿ ಮೇವೆದರ್ ಮತ್ತು ಪ್ಯಾಕಿಯಾವೊ ಎದುರಾದರಲ್ಲ, ಆಗ ಮೇವೆದರ್ ಒಬ್ಬನಿಗೇ 20 ಕೋಟಿ ಡಾಲರಿಗಿಂತ ಜಾಸ್ತಿ ಸಿಕ್ಕಿತು ಎಂಬ ಸುದ್ದಿ ಕಲಬುರಗಿಯ ಚಹಾ ಅಂಗಡಿಗಳ ತನಕ ಬಂದಿತ್ತು. ನಮ್ಮ ಹುಡುಗರ ತಲೆಯಲ್ಲಿ ಇವತ್ತಿಗೂ ಅದೇ ಅಂಕಿ ಕೂತಿದೆ. ವಿಶ್ವ ಪ್ರಶಸ್ತಿಗೆ ಒಂದು ಸಲ ಆಡಿದರೆ ಸಾಕು, ಮನೆತನವೇ ದಡ ಸೇರಿತು ಅಂದುಕೊಂಡಿದ್ದಾರೆ. ಹಾಗಿಲ್ಲ. ವಿಶ್ವ ಪ್ರಶಸ್ತಿಗೆ ಹೊಡೆದಾಡಿದ ಎಷ್ಟೋ ಮಂದಿ ಮನೆಗೆ ಒಯ್ದದ್ದು ತೀರಾ ಸಣ್ಣ ಮೊತ್ತ. ಇದನ್ನೂ ಬರೆಯಿರಿ ಎಂದು ಕೇಳಲಿಕ್ಕೆ ಈ ಪತ್ರ.

ನಾನು ಇಲ್ಲಿನ ಗಂಜಿನಲ್ಲಿ ಅಡತ್ ಅಂಗಡಿಯೊಂದರ ಲೆಕ್ಕ ಬರೆಯುವವನು. ನಾನೇನೂ ಬಾಕ್ಸರ್ ಅಲ್ಲ. ನನ್ನ ತಂಗಿಯ ಮಗ ಆಡುತ್ತಾನೆ. 51 ಕೆಜಿಯ ಹುಡುಗ, ಬೆಳಿಗ್ಗೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಓಡಿ, ಹತ್ತು ಗಂಟೆಗೆ ಕೆಲಸಕ್ಕೆ ಹೋಗಿ, ಸಂಜೆ ಮತ್ತೆ ಗ್ಲೌಸ್ ಹಾಕುತ್ತಾನೆ. ಈಗ ಕೆಲಸ ಬಿಟ್ಟು ಪ್ರೊ, ಅಂದರೆ ದುಡ್ಡಿಗೆ ಆಡುವ ವೃತ್ತಿಪರ ಬಾಕ್ಸರ್ ಆಗುತ್ತೇನೆ ಅಂತಾನೆ. 'ಮಾಮಾ, ಒಂದ್ ಬೆಲ್ಟ್ ತಂದ್ರ ಜಿಂದಗಿನೇ ಬದಲಾಗ್ತದ' ಎನ್ನುವುದು ಅವನ ಮಾತು. ಅವನಿಗೆ ಬಂದಿರುವ ಕರಾರು ಪತ್ರವನ್ನು ತಂಗಿ ನನ್ನ ಕೈಗೆ ಕೊಟ್ಟಳು. 'ಅಣ್ಣಾ, ನೀ ಲೆಕ್ಕದವ, ನೀನೇ ನೋಡು' ಅಂದಳು. ಅದನ್ನು ಓದಲು ಕೂತವನು ಈ ಆಟದ ದುಡ್ಡು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹುಡುಕುತ್ತಾ ಹೋದೆ.

ಮೊದಲು ಚಾಂಪಿಯನ್ ಸೊಂಟಕ್ಕೆ ಕಟ್ಟುವ ಬೆಲ್ಟಿನ ಮಾತು. ವಿಶ್ವ ಚಾಂಪಿಯನ್ ಎಂದರೆ ಲೋಕಕ್ಕೆ ಒಬ್ಬ ಎಂದು ನಾವು ತಿಳಿದಿರುತ್ತೇವೆ. ಪ್ರೊ ಬಾಕ್ಸಿಂಗ್‌ನಲ್ಲಿ ಹಾಗಲ್ಲ. ಡಬ್ಲ್ಯೂಬಿಎ, ಡಬ್ಲ್ಯೂಬಿಸಿ, ಐಬಿಎಫ್, ಡಬ್ಲ್ಯೂಬಿಒ ಎಂದು ನಾಲ್ಕು ದೊಡ್ಡ ಸಂಸ್ಥೆಗಳಿವೆ. ಗಂಡಸರಿಗೇ ಕನಿಷ್ಠ 17 ತೂಕದ ವಿಭಾಗಗಳು. ಒಂದೊಂದು ಸಂಸ್ಥೆಗೂ ಒಂದೊಂದು ತೂಕದಲ್ಲೂ ಒಬ್ಬ ಚಾಂಪಿಯನ್. ಅಲ್ಲಿಗೇ 68 ಬೆಲ್ಟು ಆಯಿತು. ಅದರ ಮೇಲೆ ಮಧ್ಯಂತರ ಬೆಲ್ಟು, ಖಂಡದ ಬೆಲ್ಟು, ಬೇರೆ ಬೇರೆ ಹೆಸರಿನ ಬೆಲ್ಟು. ಈ ನಾಲ್ಕರ ಆಚೆಗೂ 'ವರ್ಲ್ಡ್' ಎಂದು ಹೆಸರಿಟ್ಟುಕೊಂಡ ಸಂಸ್ಥೆಗಳಿವೆ. ಬೆಲ್ಟು ಹೊಳೆಯುತ್ತದೆ, ನಿಜ. ಆದರೆ ಸಂಸ್ಥೆ ಆಟಗಾರನಿಗೆ ದುಡ್ಡು ಕೊಡುವುದಿಲ್ಲ. ಅದೇ ಅವನ ಕೈಯಿಂದ ಶುಲ್ಕ ತಗೊಳ್ಳುತ್ತದೆ, ಸಾಮಾನ್ಯವಾಗಿ ಪರ್ಸಿನ ಶೇ 3ರಷ್ಟು. ಪಂದ್ಯಕ್ಕೆ ಸಿಗುವ ಮೊತ್ತಕ್ಕೆ ಪರ್ಸ್ ಅಂತಾರೆ. ಅದನ್ನು ಕೊಡುವವನು ಪಂದ್ಯ ಏರ್ಪಡಿಸುವ ಪ್ರಮೋಟರ್. ಟಿವಿಯವರು ಎಷ್ಟು ಕೊಡುತ್ತಾರೆ, ಟಿಕೆಟ್ ಎಷ್ಟು ಹೋಗುತ್ತದೆ ಎನ್ನುವುದರ ಮೇಲೆ ಅವನು ಮೊತ್ತ ಕಟ್ಟುತ್ತಾನೆ. ಜನ ನೋಡದ ತೂಕಕ್ಕೆ ಟಿವಿ ಬರುವುದಿಲ್ಲ. ಟಿವಿ ಬರದಿದ್ದರೆ ಬೆಲ್ಟು ಎಷ್ಟೇ ದೊಡ್ಡದಿರಲಿ, ದುಡ್ಡು ಇರುವುದಿಲ್ಲ.

ಎರಡೂ ಕಡೆಯವರು ಮೊತ್ತಕ್ಕೆ ಒಪ್ಪದಿದ್ದರೆ ಸಂಸ್ಥೆ ಪಂದ್ಯವನ್ನು ಹರಾಜಿಗಿಡುತ್ತದೆ. 2021ರಲ್ಲಿ ಟಿಯೊಫಿಮೊ ಲೋಪೆಜ್ ಮತ್ತು ಜಾರ್ಜ್ ಕಂಬೊಸೊಸ್ ಪಂದ್ಯ ಹರಾಜಿನಲ್ಲಿ 60 ಲಕ್ಷ ಡಾಲರ್ ದಾಟಿತು. ಸಣ್ಣ ತೂಕದ ಪಂದ್ಯಕ್ಕೆ ಅಂಥ ಕೂಗು ಎಲ್ಲಿಂದ ಬರಬೇಕು?

ಈಗ ಪರ್ಸಿಗೆ ಬರುತ್ತೇನೆ. ನನಗೆ ಇದು ಚೆನ್ನಾಗಿ ಅರ್ಥವಾಯಿತು, ಯಾಕೆಂದರೆ ದಿನಾ ಇಂಥದ್ದೇ ಚೀಟಿ ಬರೆಯುತ್ತೇನೆ. ತೊಗರಿ ತಂದ ರೈತನಿಗೆ ಕ್ವಿಂಟಲ್ ದರ ಕೇಳಿದಾಗ ಮುಖ ಅರಳುತ್ತದೆ. ಪಟ್ಟಿ ಕೈಗೆ ಬಂದಾಗ ಹಮಾಲಿ ಕಳೆದು, ತೂಕದ ಖರ್ಚು ಕಳೆದು, ಮೊದಲೇ ತಗೊಂಡ ಮುಂಗಡ ಕಳೆದು ಉಳಿದದ್ದನ್ನು ಅವನು ಸುಮ್ನೆ ನೋಡುತ್ತಾ ನಿಲ್ಲುತ್ತಾನೆ. ಬಾಕ್ಸರ್‌ನ ಪರ್ಸೂ ಹಾಗೆಯೇ.

ಉದಾಹರಣೆಗೆ ಒಂದು ಪಟ್ಟಿ ಬರೆದು ನೋಡಿದೆ. ಹೊರದೇಶದ ಹುಡುಗನೊಬ್ಬ ಅಮೆರಿಕಕ್ಕೆ ಹೋಗಿ 20,000 ಡಾಲರಿಗೆ ಪ್ರಶಸ್ತಿ ಪಂದ್ಯ ಆಡಿದ ಎಂದಿಟ್ಟುಕೊಳ್ಳಿ. ಲಾಸ್ ವೇಗಾಸ್ ಇರುವ ನೆವಾಡಾ ರಾಜ್ಯದ ನಿಯಮದಲ್ಲಿ ಮ್ಯಾನೇಜರ್ ಮೂರನೇ ಒಂದು ಪಾಲಿನ ತನಕ ತಗೊಳ್ಳಬಹುದು. ಪೂರ್ತಿ ತಗೊಂಡರೆ 6,667 ಡಾಲರ್ ಹೋಯಿತು. ಕೋಚಿಗೆ ರೂಢಿಯಂತೆ ಶೇ 10, ಅಂದರೆ 2,000. ಸಂಸ್ಥೆಗೆ ಶೇ 3, ಅಂದರೆ 600. ಹೊರದೇಶದವನು ಅಂತ ತೆರಿಗೆಗೆ ಶೇ 30 ಮೊದಲೇ ಹಿಡಿಯುತ್ತಾರೆ, ಅದು 6,000. ಲೆಕ್ಕ ಒಪ್ಪಿಸಿದರೆ ಇದರಲ್ಲಿ ಒಂದಿಷ್ಟು ಆಮೇಲೆ ವಾಪಸ್ ಬರಬಹುದು. ಆ ಲೆಕ್ಕ ಒಪ್ಪಿಸಲಿಕ್ಕೂ ಒಬ್ಬನಿಗೆ ದುಡ್ಡು ಕೊಡಬೇಕು. ಸದ್ಯಕ್ಕೆ ಕೈಯಲ್ಲಿ ಉಳಿದದ್ದು 4,733 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ ಸುಮಾರು 4 ಲಕ್ಷ.

ನಾಲ್ಕು ಲಕ್ಷ ಏನು ಕಮ್ಮಿನಾ ಎಂದು ಯಾರಾದರೂ ಕೇಳಬಹುದು. ತಯಾರಿಯ ಖರ್ಚು ಇನ್ನೂ ಕಳೆದಿಲ್ಲ. ಎರಡು ಮೂರು ತಿಂಗಳು ಬೇರೆ ಕೆಲಸ ಇಲ್ಲ. ಎದುರಿಗೆ ನಿಂತು ಅಭ್ಯಾಸ ಕೊಡುವವರಿಗೆ ದುಡ್ಡು ಕೊಡಬೇಕು. ಊಟ, ಜಿಮ್ಮು, ಮಾಲೀಶು, ಕಣ್ಣಿನ ಪರೀಕ್ಷೆ, ರಕ್ತ ಪರೀಕ್ಷೆ, ತಲೆಯ ಸ್ಕ್ಯಾನು. ಅಂಥ ಪಂದ್ಯ ವರ್ಷಕ್ಕೆ ಒಂದೋ ಎರಡೋ. ಕೈ ಮುರಿದರೆ ಅದೂ ಇಲ್ಲ. ಹನ್ನೆರಡು ಸುತ್ತು, ಒಂದೊಂದು ಸುತ್ತು ಮೂರು ನಿಮಿಷ, 36 ನಿಮಿಷ ತಲೆಗೆ ಪೆಟ್ಟು ತಿಂದದ್ದಕ್ಕೆ ಬಂದ ದುಡ್ಡು ಅದು. ಪರ್ಸು ಇಷ್ಟೂ ಇಲ್ಲದ ವಿಶ್ವ ಪ್ರಶಸ್ತಿ ಪಂದ್ಯಗಳು ನಡೆದಿವೆ.

ಇದನ್ನು ಯೋಚಿಸುವಾಗ ಥಾಯ್ಲೆಂಡಿನ ವಾನ್‌ಹೆಂಗ್ ಮೆನಾಯೋಥಿನ್ ನನಗೆ ಬಹಳ ಕಾಡುತ್ತಾನೆ. ಅವನದು ಎಲ್ಲಕ್ಕಿಂತ ಸಣ್ಣ ವಿಭಾಗ, 47.6 ಕೆಜಿ. 2014ರಲ್ಲಿ ಡಬ್ಲ್ಯೂಬಿಸಿ ಬೆಲ್ಟು ಗೆದ್ದ. ಮೇವೆದರ್ 50 ಪಂದ್ಯ ಆಡಿ 50 ಗೆದ್ದು ನಿವೃತ್ತನಾದ, ಅದು ಜಗತ್ತಿಗೆಲ್ಲ ಗೊತ್ತು. ಈ ವಾನ್‌ಹೆಂಗ್ 2018ರ ಮೇ ತಿಂಗಳಲ್ಲಿ 50 ಮುಟ್ಟಿದ, ಆಗಸ್ಟ್‌ನಲ್ಲಿ 51 ಮಾಡಿದ, ಆಮೇಲೆ 54ರ ತನಕ ಸೋಲದೆ ಹೋದ. 2020ರ ನವೆಂಬರ್‌ನಲ್ಲಿ ತನ್ನ ದೇಶದವನ ಕೈಯಲ್ಲೇ ಸೋತ. ಅವನೆದುರು ಬಂದವರಲ್ಲಿ ದುರ್ಬಲರು ಜಾಸ್ತಿ ಇದ್ದರು ಎನ್ನುತ್ತಾರೆ ತಿಳಿದವರು, ಇರಬಹುದು. ಆದರೂ ಆರು ವರ್ಷ ವಿಶ್ವ ಬೆಲ್ಟು ಉಳಿಸಿಕೊಂಡವನು ಅವನು. ಅವನ ಹೆಸರು ನಮ್ಮ ಹುಡುಗರಲ್ಲಿ ಒಬ್ಬನಾದರೂ ಕೇಳಿದ್ದಾನಾ? ಕೇಳಿ ನೋಡಿ. ಅದೇ ದೇಶದ ಶ್ರೀಸಾಕೆಟ್ ಸೋರ್ ರುಂಗ್‌ವಿಸಾಯ್ ಮೊದಲು ಕಸ ಎತ್ತುತ್ತಿದ್ದ, ವಾಚ್‌ಮನ್ ಕೆಲಸ ಮಾಡುತ್ತಿದ್ದ. 2017ರಲ್ಲಿ ನ್ಯೂಯಾರ್ಕಿಗೆ ಹೋಗಿ, ಅಲ್ಲಿಯವರೆಗೆ ಒಮ್ಮೆಯೂ ಸೋಲದ ರೋಮನ್ ಗೊಂಜಾಲೆಜ್‌ನನ್ನು ಸೋಲಿಸಿದ.

ಹೆಣ್ಣುಮಕ್ಕಳ ಕಥೆ ಇನ್ನೂ ಕಷ್ಟದ್ದು. ಅಮಾಂಡಾ ಸೆರಾನೊ 2019ರ ಹೊತ್ತಿಗೆ ಏಳು ತೂಕಗಳಲ್ಲಿ ವಿಶ್ವ ಪ್ರಶಸ್ತಿ ಗೆದ್ದಿದ್ದಳು. ಏಳು! ಆ ಹಾದಿಯಲ್ಲಿ ಅವಳು ಆಡಿದ ಪ್ರಶಸ್ತಿ ಪಂದ್ಯಗಳಲ್ಲಿ ಕೆಲವೇ ಸಾವಿರ ಡಾಲರ್ ಸಿಕ್ಕ ಪಂದ್ಯಗಳೂ ಇದ್ದವು. 2022ರ ಏಪ್ರಿಲ್ 30ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದಲ್ಲಿ ಕೇಟಿ ಟೇಲರ್ ಎದುರು ಆಡಿದಾಗ ಇಬ್ಬರಿಗೂ 10 ಲಕ್ಷ ಡಾಲರಿಗಿಂತ ಜಾಸ್ತಿ ಸಿಕ್ಕಿತು. ಅವಳ ಆಟ ಮೊದಲೂ ಅದೇ ಇತ್ತು. ಬದಲಾದದ್ದು ಹಿಂದೆ ನಿಂತವರು, ತೋರಿಸಿದವರು. ಬೆಲ್ಜಿಯಂನ ಡೆಲ್ಫೀನ್ ಪರ್ಸೂನ್ ಡಬ್ಲ್ಯೂಬಿಸಿ ಚಾಂಪಿಯನ್ ಆಗಿದ್ದಾಗಲೂ ಪೊಲೀಸ್ ಕೆಲಸ ಬಿಡಲಿಲ್ಲ. ನನ್ನ ತಂಗಿಗೆ ಈ ಮಾತು ಹೇಳಿದಾಗ ಅವಳು ಮಗನ ಕಡೆ ತಿರುಗಿ, 'ಕೇಳ್ದೇನು?' ಅಂದಳು.

ಎಲ್ಲ ಸಣ್ಣ ತೂಕದವರೂ ಬಡವರೇ ಎಂದು ನಾನು ಹೇಳುತ್ತಿಲ್ಲ. ಜಪಾನಿನ ನವೋಯಾ ಇನೊವೆ ಕೂಡ ಸಣ್ಣ ಮೈಯವನೇ. 2024ರ ಮೇ 6ರಂದು ಟೋಕಿಯೊ ಡೋಮ್ ಕ್ರೀಡಾಂಗಣ ತುಂಬಿಸಿದ, ಕೋಟಿಗಟ್ಟಲೆ ದುಡಿಯುತ್ತಾನೆ. ಆದರೆ ಜಪಾನಿನಲ್ಲಿ ಈ ಆಟಕ್ಕೆ ಟಿಕೆಟ್ ಕೊಂಡು ಬರುವ ಜನ ಇದ್ದಾರೆ, ಟಿವಿ ಇದೆ. ನಮ್ಮಲ್ಲಿ ಏನಿದೆ? ವಿಜೇಂದರ್ ಸಿಂಗ್ 2015ರಲ್ಲಿ ಪ್ರೊ ಆದಾಗ ಒಂದಿಷ್ಟು ಕಾವು ಬಂದಿತ್ತು. ಆತ ಬೀಜಿಂಗ್ ಒಲಿಂಪಿಕ್ಸ್ ಪದಕ ಕೊರಳಲ್ಲಿಟ್ಟುಕೊಂಡು ಹೋದವನು. ನಮ್ಮ ಹುಡುಗರ ಹತ್ತಿರ ಆ ಹೆಸರಿಲ್ಲ.

ಇನ್ನು ನನ್ನ ಕೈಲಿರುವ ಕರಾರು. ಕಂಪನಿಯ ಹೆಸರು ಬೇಡ. ಪೂರ್ತಿ ಇಂಗ್ಲಿಷಿನಲ್ಲಿದೆ. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ 'ವರ್ಲ್ಡ್ ಟೈಟಲ್' ಎಂದಿದೆ. ಸಂಸ್ಥೆ ಆ ನಾಲ್ಕರಲ್ಲಿ ಒಂದಲ್ಲ. ಪಂದ್ಯಕ್ಕೆ ಕೊಡುವ ಮೊತ್ತದ ಜಾಗ ಖಾಲಿ ಬಿಟ್ಟಿದ್ದಾರೆ, 'ಆಮೇಲೆ ಮಾತಾಡಿ ನಿರ್ಧಾರ' ಎಂಬರ್ಥದ ಒಂದು ಸಾಲು ಅಷ್ಟೇ. ಮೂರು ವರ್ಷ ಬೇರೆ ಯಾರ ಪಂದ್ಯವನ್ನೂ ಆಡುವಂತಿಲ್ಲ. ಗೆದ್ದರೆ ಕಂಪನಿಗೆ ಬೇಕೆನಿಸಿದಷ್ಟು ಕಾಲ ಕರಾರು ಮುಂದಕ್ಕೆ ಹೋಗುತ್ತದೆ, ಸೋತರೆ ಕಂಪನಿ ಕೈಬಿಡಬಹುದು. ಟಿಕೆಟ್‌ಗಳ ಒಂದು ಕಟ್ಟನ್ನು ಹುಡುಗನೇ ಮಾರಿಕೊಡಬೇಕು, ಮಾರದಿದ್ದರೆ ಅವನ ದುಡ್ಡಿನಲ್ಲಿ ಹಿಡಿಯುತ್ತಾರೆ. ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು ಎಂದು ಹುಡುಕಿದೆ. ಆ ಮಾತೇ ಇಲ್ಲ. ತನ್ನ ಸ್ವಂತ ಹೊಣೆಯ ಮೇಲೆ ಆಡುತ್ತಿದ್ದೇನೆ ಎಂದು ಹುಡುಗ ಸಹಿ ಮಾಡುವ ಜಾಗ ಮಾತ್ರ ಇದೆ.

ಆಸ್ಪತ್ರೆ ಎಂದಾಗ ನೆನಪಾಗುತ್ತದೆ, 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್ ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ತಿಂದು ಮೈಸೂರಿನ 23 ವರ್ಷದ ಹುಡುಗನೊಬ್ಬ ಸತ್ತ. ಆಟ ಬೇರೆ ಇರಬಹುದು, ತಲೆ ಅದೇ ಅಲ್ವಾ?

ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಮುಹಮ್ಮದ್ ಅಲಿ ಹೆಸರಿನಲ್ಲೇ ಒಂದು ಕಾನೂನು ಬಂತು. ಪಂದ್ಯದಿಂದ ತನಗೆ ಎಷ್ಟು ಬರುತ್ತದೆ ಎನ್ನುವುದನ್ನು ಪ್ರಮೋಟರ್ ಆಟಗಾರನಿಗೆ ತಿಳಿಸಬೇಕು ಎನ್ನುತ್ತದೆ ಅದು. 2025ರಲ್ಲಿ ಅಲ್ಲಿನ ಸಂಸತ್ತಿಗೆ ಬಂದ ಹೊಸ ಮಸೂದೆಯ ಕರಡಿನಲ್ಲಿ ಬಾಕ್ಸರ್‌ಗೆ ಸುತ್ತಿಗೆ ಕನಿಷ್ಠ 150 ಡಾಲರ್ ಕೊಡಬೇಕೆಂದಿತ್ತು. ನಾಲ್ಕು ಸುತ್ತಿನ ಪಂದ್ಯಕ್ಕೆ 600 ಡಾಲರ್. ಅಷ್ಟು ಶ್ರೀಮಂತ ದೇಶದಲ್ಲಿ ಅಷ್ಟನ್ನು ಕೊಡಿಸಲಿಕ್ಕೂ ಕಾನೂನು ಬೇಕಾಗಿದೆ ಎಂದರೆ ಕೆಳಗಿನವರ ಪಾಡು ಏನಿದ್ದೀತು ಯೋಚಿಸಿ. ನಮ್ಮಲ್ಲಿ ಪ್ರೊ ಬಾಕ್ಸಿಂಗ್‌ಗೆಂದೇ ಅಂಥ ಕಾನೂನು ಇಲ್ಲ.

ಇಲ್ಲಿನ ಜಾತ್ರೆ ಕುಸ್ತಿಯಲ್ಲಿ ಇನಾಮು ಎಷ್ಟು, ಬೆಳ್ಳಿ ಕಡಗ ಯಾವ ಜೋಡಿಗೆ ಎಂದು ಮೈಕಿನಲ್ಲಿ ಕೂಗಿದ ಮೇಲೆಯೇ ಪೈಲ್ವಾನರು ಮಣ್ಣು ಮುಟ್ಟುತ್ತಾರೆ. ಸಣ್ಣದೋ ದೊಡ್ಡದೋ, ಇಡೀ ಊರಿಗೆ ಗೊತ್ತಿರುತ್ತದೆ. ಪ್ರೊ ಬಾಕ್ಸಿಂಗ್ ಆಡಿಸುವವರೂ ಅಷ್ಟು ಮಾಡಲಿ.

ಅಳಿಯನಿಗೆ ಆಟ ಬಿಡು ಎಂದು ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಅವನ ಎಡಗೈ ನೋಡಿದವರಿಗೆ ಹಾಗೆ ಹೇಳಲು ಬಾಯಿ ಬರುವುದಿಲ್ಲ. ನಮ್ಮ ಬೀದರ್ ಗಡಿ ದಾಟಿದರೆ ನಿಜಾಮಾಬಾದ್ ದೂರವೇನಿಲ್ಲ. ಅಲ್ಲಿನ ನಿಖತ್ ಜರೀನ್ ಪ್ರೊ ಆಗದೆ, ದೇಶದ ಪರ ಅಮೆಚೂರ್ (ಹವ್ಯಾಸಿ) ಬಾಕ್ಸಿಂಗ್ ಆಡುತ್ತಲೇ 2022 ಮತ್ತು 2023ರಲ್ಲಿ ವಿಶ್ವ ಚಾಂಪಿಯನ್ ಆದಳು. 2023ರ ದೆಹಲಿ ಚಿನ್ನಕ್ಕೆ ಒಂದು ಲಕ್ಷ ಡಾಲರ್ ಬಹುಮಾನ ಇತ್ತು. 2024ರಲ್ಲಿ ತೆಲಂಗಾಣ ಸರ್ಕಾರ ಡಿಎಸ್‌ಪಿ ಕೆಲಸ ಕೊಟ್ಟಿತು. ಅಂಥ ಗೆಲುವು ಎಲ್ಲರಿಗೂ ಬರುವುದಿಲ್ಲ. ಆದರೆ ಆ ದಾರಿಯಲ್ಲಿ ರೈಲ್ವೆ, ಸೇನೆ, ಪೊಲೀಸ್ ಎಂದು ಕ್ರೀಡಾ ಕೋಟಾದ ನೌಕರಿಗಳಿವೆ, ತಿಂಗಳಿಗೊಮ್ಮೆ ಸಂಬಳ ಇದೆ. ಅದನ್ನು ಬಿಟ್ಟು ಪ್ರೊ ಕಡೆ ಹೋಗುವವನು ಎರಡೂ ಲೆಕ್ಕ ನೋಡಿಕೊಂಡು ಹೋಗಲಿ.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ವಿಶ್ವ ಪ್ರಶಸ್ತಿ ಪಂದ್ಯದ ಸುದ್ದಿ ಹಾಕುವಾಗ ಯಾವ ಸಂಸ್ಥೆಯ ಬೆಲ್ಟು ಎಂದು ಬರೆಯಿರಿ. ಸೋತವನಿಗೂ ಗೆದ್ದವನಿಗೂ ಎಷ್ಟು ಸಿಕ್ಕಿತು ಎಂದು ತಿಳಿದಿದ್ದರೆ ಅದನ್ನೂ ಒಂದು ಸಾಲು ಹಾಕಿ. ನಮ್ಮ ಭಾಗದ ಹುಡುಗ ಯಾವುದಾದರೂ ಬೆಲ್ಟು ಗೆದ್ದು ಬಂದರೆ ಮೆರವಣಿಗೆಯ ಫೋಟೊ ಹಾಕಿ, ಬೇಡ ಅನ್ನುವುದಿಲ್ಲ. ಅವನನ್ನು ಕೂರಿಸಿಕೊಂಡು ಖರ್ಚು ಎಷ್ಟಾಯಿತು, ಯಾರ ಸಾಲ, ಇನ್ಶೂರೆನ್ಸ್ ಇತ್ತಾ ಎಂದೂ ಕೇಳಿ. ಕ್ರೀಡಾ ಇಲಾಖೆಯವರಿಗೂ ಒಂದು ಮಾತು. ಜಿಲ್ಲಾ ಕ್ರೀಡಾಂಗಣಗಳಲ್ಲಿ ಇಂಥ ಕರಾರುಗಳನ್ನು ಓದಿ ಕನ್ನಡದಲ್ಲಿ ಬಿಡಿಸಿ ಹೇಳುವ ಒಬ್ಬ ವಕೀಲರನ್ನು ತಿಂಗಳಿಗೆ ಒಂದು ದಿನವಾದರೂ ಕೂರಿಸಿ. ಅದಕ್ಕೆ ದೊಡ್ಡ ಖರ್ಚಿಲ್ಲ.

ಅಳಿಯ ಇನ್ನೂ ಸಹಿ ಮಾಡಿಲ್ಲ. ಪರ್ಸ್ ಎಷ್ಟು, ಏನೇನು ಕಳೆಯುತ್ತೀರಿ, ಪೆಟ್ಟಾದರೆ ಯಾರು ನೋಡಿಕೊಳ್ಳುತ್ತಾರೆ ಎಂದು ಅವನ ಕೈಯಲ್ಲೇ ಬರೆಸಿ ಕಂಪನಿಗೆ ಕಳಿಸಿದ್ದೇವೆ. ಉತ್ತರ ಬಂದಿಲ್ಲ. ನಿಮ್ಮ ಓದುಗರಲ್ಲಿ ಪ್ರೊ ಆಡಿದ ಹಳೆಯ ಬಾಕ್ಸರ್‌ಗಳು ಇದ್ದರೆ, ಇಂಥ ಕರಾರುಗಳನ್ನು ನೋಡಿದ ವಕೀಲರು ಇದ್ದರೆ, ದಯವಿಟ್ಟು ಇದೇ ಅಂಕಣಕ್ಕೆ ಬರೆಯಿರಿ. ನಮ್ಮ ಹಾಗೆ ಕಾಗದ ಹಿಡಿದುಕೊಂಡು ಕೂತ ಮನೆಗಳು ಬೀದರ್, ಯಾದಗಿರಿಯಲ್ಲೂ ಇರಬಹುದು.

ಇಂತಿ,
ಗಂಜಿನ ಅಡತ್ ಅಂಗಡಿಯ ಲೆಕ್ಕಿಗ, ಕಲಬುರಗಿ